ನಾಲ್ಕು ವರ್ಷ ನಿಲ್ಲುವ ಆಟಗಾರ್ತಿಯರು

2024ರ ಏಪ್ರಿಲ್ 7ರಂದು ಸೌತ್ ಕ್ಯಾರೊಲಿನಾ ಅಯೋವಾವನ್ನು 87-75ರಿಂದ ಸೋಲಿಸಿದ ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್‌ಗೆ ಅಮೆರಿಕದಲ್ಲಿ ಸರಾಸರಿ 1.8 ಕೋಟಿಗೂ ಹೆಚ್ಚು ಟಿವಿ ವೀಕ್ಷಕರಿದ್ದರು. ಮರುದಿನದ ಪುರುಷರ ಫೈನಲ್ 1.5 ಕೋಟಿಯೊಳಗೇ ನಿಂತಿತು. ಅಯೋವಾದ ತಾರೆ ಕೇಟ್ಲಿನ್ ಕ್ಲಾರ್ಕ್ ಇದ್ದರು, ಅದಕ್ಕೇ ಅಷ್ಟು ಜನ ನೋಡಿದರು ಎನ್ನುವುದು ಅರ್ಧ ಸತ್ಯ ಮಾತ್ರ. ಅವರು ಪುರುಷರ ಕಾಲೇಜು ಆಟದ ಹಳೆಯ ದಾಖಲೆಯಾದ ಪೀಟ್ ಮರಾವಿಚ್‌ರ 3,667 ಅಂಕಗಳನ್ನು ದಾಟಿ 3,951ಕ್ಕೆ ಮುಟ್ಟಲು ನಾಲ್ಕು ಸೀಸನ್ ಬೇಕಾಯಿತು. ಅಷ್ಟು ಕಾಲ ಅವರು ಕಾಲೇಜಿನಲ್ಲೇ ಉಳಿದದ್ದು ನನಗೆ ದೊಡ್ಡ ವಿಷಯ.

ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ಡ್ರಾಫ್ಟ್‌ಗೆ (ತಂಡಗಳು ಹೊಸ ಆಟಗಾರ್ತಿಯರನ್ನು ಆರಿಸುವ ಪ್ರಕ್ರಿಯೆ) ಬರಬೇಕಾದರೆ ಅಮೆರಿಕದ ಆಟಗಾರ್ತಿಗೆ ಆ ವರ್ಷ 22 ತುಂಬಬೇಕು, ಇಲ್ಲವೇ ಪದವಿ ಮುಗಿದಿರಬೇಕು, ಇಲ್ಲವೇ ಹೈಸ್ಕೂಲ್ ಮುಗಿಸಿ ನಾಲ್ಕು ವರ್ಷ ಆಗಿರಬೇಕು. ಹುಡುಗರಿಗೆ 19 ಆಗಿ, ಹೈಸ್ಕೂಲ್ ಬಿಟ್ಟು ಒಂದು ವರ್ಷ ಕಳೆದರೆ ಸಾಕು. ಹಾಗಾಗಿ ಪುರುಷರ ತಂಡದ ತಾರೆಯ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಅವನು ಪುರುಷರ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿರುತ್ತಾನೆ. ಮಹಿಳೆಯರಲ್ಲಿ ಹಳೆಯ ಸೋಲಿನ ಲೆಕ್ಕ ಮುಂದಿನ ಮಾರ್ಚ್‌ನ ರಾಷ್ಟ್ರೀಯ ಟೂರ್ನಿಗೂ ಬಾಕಿ ಇರುತ್ತದೆ.

ಪೈಪೋಟಿ ಹೆಚ್ಚಿದೆಯೇ? ಹೆಚ್ಚಿದೆ, ಆದರೆ ಎಲ್ಲ ಕಡೆಯೂ ಅಲ್ಲ. 2017ರಲ್ಲಿ ಮಿಸಿಸಿಪಿ ಸ್ಟೇಟ್ ತಡೆಯುವವರೆಗೆ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಸತತ 111 ಪಂದ್ಯ ಗೆದ್ದಿತ್ತು; ಅಂಥ ಓಟ ಇಂದು ತೀರಾ ಕಷ್ಟ. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಇಂಡಿಯಾನಾ, ಎರಡೂ ಒಂದನೇ ಶ್ರೇಯಾಂಕದವು, ಎರಡನೇ ಸುತ್ತಿನಲ್ಲೇ ತಮ್ಮ ಅಂಗಳದಲ್ಲೇ ಸೋತವು. ಹಾಗಿದ್ದರೂ 2025ರ ಫೈನಲ್‌ನಲ್ಲಿ ಯುಕಾನ್ ಸೌತ್ ಕ್ಯಾರೊಲಿನಾವನ್ನು 82-59ರಿಂದ ಮಣಿಸಿತು. ತುದಿಯಲ್ಲಿ ಅದೇ ಹೆಸರುಗಳು. ಅದರ ಕೆಳಗಿನ ಇಪ್ಪತ್ತು ತಂಡಗಳು ಮಾತ್ರ ನಿಜಕ್ಕೂ ಹತ್ತಿರ ಬಂದಿವೆ.

ಇದಕ್ಕೆ ದೊಡ್ಡ ಕಾರಣ 2021. ಒಂದು ವರ್ಷ ಆಟವಿಲ್ಲದೆ ಕೂರದೆಯೇ ಕಾಲೇಜು ಬದಲಿಸಲು ಅವಕಾಶ ಸಿಕ್ಕಿತು; ಜುಲೈ 1ರಿಂದ ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸುವುದಕ್ಕೂ ಅನುಮತಿ ಬಂತು. ದೊಡ್ಡ ತಂಡದ ಬೆಂಚಿನಲ್ಲಿದ್ದವಳು ಈಗ ಬೇರೆಡೆ 30 ನಿಮಿಷ ಆಡುತ್ತಾಳೆ. ಆದರೆ ಐದಾರು ಹೊಸಬರನ್ನು ಒಟ್ಟಿಗೆ ತಂದ ತಂಡ ಮೊದಲು ಎಡವುವುದು ಡಿಫೆನ್ಸ್‌ನಲ್ಲಿ. ದಾಳಿಯ ಸೆಟ್‌ಗಳನ್ನು ಬೇಗ ಕಲಿಸಬಹುದು. ಸ್ಕ್ರೀನ್ ಬಂದಾಗ, ಅಂದರೆ ಎದುರಾಳಿಯೊಬ್ಬಳು ದಾರಿಗೆ ಅಡ್ಡ ನಿಂತಾಗ, ಯಾರು ತಾವು ಕಾಯುವವಳನ್ನು ಬದಲಿಸಬೇಕು, ಕಾರ್ನರ್‌ಗೆ ಯಾರು ಓಡಬೇಕು ಎಂಬುದಕ್ಕೆ ಒಬ್ಬರನ್ನೊಬ್ಬರು ಕೂಗಿ ಹೇಳುವ ಅಭ್ಯಾಸ ಬೇಕು. ಆ ಅರೆಕ್ಷಣದ ತಡಕ್ಕೆ ಎದುರಾಳಿಗೆ ಯಾರೂ ತಡೆಯದ ತ್ರೀ ಪಾಯಿಂಟರ್ (ದೂರದಿಂದ ಎಸೆಯುವ ಮೂರು ಅಂಕದ ಎಸೆತ) ಸಿಗುತ್ತದೆ. ಸೀಸನ್ ಶುರುವಾಗುವ ನವೆಂಬರ್‌ನ ಸೋಲು ನೋಡಿ ಇಂಥ ತಂಡವನ್ನು ತಳ್ಳಿಹಾಕಬೇಡಿ.

ರಾಷ್ಟ್ರೀಯ ಟೂರ್ನಿಯ ಮೊದಲೆರಡು ಸುತ್ತು ಅಗ್ರ 16 ತಂಡಗಳ ಅಂಗಳದಲ್ಲೇ ನಡೆಯುವುದು ಸಣ್ಣ ತಂಡಗಳಿಗೆ ಭಾರಿ ಹೊರೆ. ಸ್ಟ್ಯಾಂಡ್ ತುಂಬಲು ಇದು ಬೇಕಿತ್ತು, ನಿಜ. ಇಷ್ಟು ವೀಕ್ಷಕರು ಬಂದ ಮೇಲೆ ತಟಸ್ಥ ಅಂಗಳಕ್ಕೆ ಹೋಗಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆಟದ ನಿಯಮಗಳೂ ಬಿಗಿ ತಂದಿವೆ. 2015-16ರಿಂದ ಮಹಿಳೆಯರದು ತಲಾ 10 ನಿಮಿಷದ ನಾಲ್ಕು ಕ್ವಾರ್ಟರ್; ಪುರುಷರದು ಇನ್ನೂ 20 ನಿಮಿಷದ ಎರಡು ಅರ್ಧ. ತಂಡದ ಫೌಲ್ ಲೆಕ್ಕ ಪ್ರತಿ ಕ್ವಾರ್ಟರ್‌ಗೂ ಸೊನ್ನೆಯಿಂದ ಶುರು, ಐದನೆಯದಕ್ಕೆ ಎರಡು ಫ್ರೀ ಥ್ರೋ. ಹಾಗಾಗಿ ಫ್ರೀ ಥ್ರೋಗಳ ಉದ್ದ ಸಾಲು ಕಡಿಮೆ, ಆಟದ ಓಟ ಹೆಚ್ಚು. ಹಿಂದೆ ಬಿದ್ದ ತಂಡ ಕೊನೆಯ ಕ್ವಾರ್ಟರ್‌ನಲ್ಲಿ ಎರಡೇ ಫೌಲ್ ಮಾಡಿದ್ದರೆ ಅದೇ ಕಷ್ಟ: ಗಡಿಯಾರ ನಿಲ್ಲಿಸಿ ಚೆಂಡು ವಾಪಸ್ ಪಡೆಯಲೆಂದು ಎದುರಾಳಿಯನ್ನು ಫ್ರೀ ಥ್ರೋ ಗೆರೆಗೆ ಕಳಿಸಲು ಇನ್ನೂ ಮೂರು ಫೌಲ್ ಬೇಕು, ಒಂದೊಂದಕ್ಕೂ ಕೆಲವು ಸೆಕೆಂಡ್ ಕೈಬಿಡುತ್ತವೆ. ಕೊನೆಯ ನಿಮಿಷದಲ್ಲಿ ಟೈಮ್‌ಔಟ್ ಕೇಳಿದರೆ ಚೆಂಡನ್ನು ಎದುರಾಳಿಯ ಅರ್ಧದಿಂದಲೇ ಒಳಹಾಕಬಹುದು. ಎರಡು ಅಂಕ ಹಿಂದಿದ್ದು, ಮೂರು ಸೆಕೆಂಡ್ ಉಳಿದಾಗ ಆ ಒಂದು ಟೈಮ್‌ಔಟ್ ಇಲ್ಲದ ಕೋಚ್‌ಗೆ ಉಳಿಯುವುದು ಇಡೀ ಅಂಗಳದುದ್ದದ ಪಾಸ್ ಮಾತ್ರ.