ಆರು ಆಕ್‌ಗಳ ಪಟ್ಟಿ: ಯೆಸ್ವೆರ್‌ನಲ್ಲಿ ನಾಲ್ಕು ಸಿಕ್ಕವು

ಉತ್ತರ ಅಟ್ಲಾಂಟಿಕ್‌ನಲ್ಲಿ ಈಗ ಉಳಿದಿರುವ ಆಕ್ ಕುಟುಂಬದ ಕಡಲ ಹಕ್ಕಿಗಳು ಆರೇ. ಏಳನೆಯದು ಗ್ರೇಟ್ ಆಕ್. ಅದಕ್ಕೆ ಹಾರಲು ಬರುತ್ತಿರಲಿಲ್ಲ, ಗೊತ್ತಿರುವ ಕೊನೆಯ ಜೋಡಿಯನ್ನು 1844ರಲ್ಲಿ ಐಸ್‌ಲ್ಯಾಂಡ್ ಹತ್ತಿರ ಕೊಂದುಬಿಟ್ಟರು. ಉಳಿದ ಆರನ್ನೂ ನೋಡಬೇಕು, ಸಾಧ್ಯವಾದರೆ ಫೋಟೊ ತೆಗೆಯಬೇಕು. ನನ್ನ ಪ್ರಾಜೆಕ್ಟ್ ಇಷ್ಟೇ.

ಜುಲೈನಲ್ಲಿ ನಮ್ಮ ಕ್ರೂಸ್ ಹಡಗು ನಾರ್ವೆಯ ಹೊನ್ನಿಂಗ್ಸ್‌ವೋಗ್‌ನಲ್ಲಿ ನಿಂತಿತು. ಹೆಚ್ಚಿನವರು ನಾರ್ತ್ ಕೇಪ್ ಎಂಬ ಪ್ರವಾಸಿ ತಾಣದ ಬಸ್ ಹತ್ತಿದರು. ನಾನು ಯೆಸ್ವೆರ್ ಎಂಬ ಮೀನುಗಾರರ ಹಳ್ಳಿಗೆ ಹೋದೆ. ಅಲ್ಲಿಂದ ದೋಣಿಯಲ್ಲಿ ಸ್ವಲ್ಪ ದೂರ ಹೋದರೆ ಯೆಸ್ವೆರ್‌ಸ್ತಾಪನ್ ಎಂಬ ಬಂಡೆದ್ವೀಪಗಳ ಗುಂಪು. ಅದು ಸಂರಕ್ಷಿತ ಜಾಗ, ಇಳಿಯುವಂತಿಲ್ಲ, ನೋಡುವುದೇನಿದ್ದರೂ ದೋಣಿಯಿಂದಲೇ.

ಮೊದಲನೆಯದು ಬಂದರಿನಲ್ಲೇ ಸಿಕ್ಕಿತು. ಬ್ಲ್ಯಾಕ್ ಗಿಲ್ಲೆಮಾಟ್: ಮೈಯೆಲ್ಲ ಕಪ್ಪು, ರೆಕ್ಕೆಯಲ್ಲಿ ಬಿಳಿ ಮಚ್ಚೆ, ಕಾಲು ಕೆಂಪು.

ದ್ವೀಪ ಹತ್ತಿರವಾದಂತೆ ನೀರಿನ ತುಂಬ ಪಫಿನ್. ಫೋಟೊ ನೋಡಿ ದೊಡ್ಡ ಹಕ್ಕಿ ಅಂದುಕೊಂಡಿರುತ್ತೇವೆ ಅಲ್ವಾ, ನಿಜಕ್ಕೂ ಪಾರಿವಾಳಕ್ಕಿಂತ ಚಿಕ್ಕದು. ಒಂದು ಪಫಿನ್ ನಮ್ಮ ದೋಣಿಯ ಪಕ್ಕದಲ್ಲೇ ಎದ್ದಿತು. ಕೊಕ್ಕಿನಲ್ಲಿ ಅಡ್ಡಡ್ಡ ನಾಲ್ಕೈದು ಸಣ್ಣ ಮೀನು. ನಾಲಿಗೆಯಲ್ಲೂ ಅಂಗುಳಲ್ಲೂ ಮುಳ್ಳಿನಂಥ ಗಂಟುಗಳಿರುವುದರಿಂದ, ಹಿಡಿದದ್ದನ್ನು ಬೀಳಿಸದೆ ಇನ್ನೊಂದು ಮೀನಿಗೆ ಬಾಯಿ ಹಾಕಬಲ್ಲದು. ಆ ಬಣ್ಣದ ಕೊಕ್ಕಿನ ಹೊರಪದರವೂ ಮರಿ ಮಾಡುವ ಕಾಲ ಮುಗಿದ ಮೇಲೆ ಕಳಚಿ ಬೀಳುತ್ತದೆ.

ಇದ್ದಕ್ಕಿದ್ದಂತೆ ಇಳಿಜಾರಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಮೇಲೆ ಬಿಳಿಬಾಲದ ಹದ್ದು. ನಮ್ಮ ನೇತ್ರಾಣಿಯ ಕಡಲ ಹದ್ದಿನ ಸಂಬಂಧಿಯೇ, ಆದರೆ ಗಾತ್ರದಲ್ಲಿ ಇದು ಜಾಸ್ತಿ.

ರೇಜರ್‌ಬಿಲ್ ಸುಲಭ, ಚಪ್ಪಟೆ ದಪ್ಪ ಕೊಕ್ಕಿನ ಮೇಲೆ ಬಿಳಿ ಗೆರೆ. ತಲೆನೋವು ಕೊಟ್ಟದ್ದು ಗಿಲ್ಲೆಮಾಟ್‌ಗಳು. ಕಾಮನ್ ಗಿಲ್ಲೆಮಾಟ್ ಖಚಿತ, ಕೆಲವಕ್ಕೆ ಕಣ್ಣಿನ ಸುತ್ತ ಬಿಳಿ ಕನ್ನಡಕವೂ ಇತ್ತು. ಉತ್ತರಕ್ಕೆ ಹೋದಷ್ಟೂ ಅಂಥವು ಹೆಚ್ಚು. ಬ್ರೂನಿಕ್ ಗಿಲ್ಲೆಮಾಟ್ ಆಗಿದ್ದರೆ ಕೊಕ್ಕು ಇನ್ನೂ ಮೋಟು, ಬಾಯಿಯ ಅಂಚಿನಲ್ಲಿ ತೆಳು ಬಿಳಿ ಗೆರೆ ಕಾಣಬೇಕು. ಒಂದರಲ್ಲಿ ಕಂಡಂತಾಯಿತು, ಅಷ್ಟರಲ್ಲಿ ಅಲೆ ಎತ್ತಿಹಾಕಿತು. ಅನುಮಾನ ಇದ್ದದ್ದಕ್ಕೆ ಟಿಕ್ ಹಾಕುವುದಿಲ್ಲ.

ಕ್ಯಾಮೆರಾ ವಿಷಯ: ಶಟರ್ ವೇಗ 1/2000 ಸೆಕೆಂಡಿಗಿಂತ ನಿಧಾನ ಇಟ್ಟು ತೆಗೆದವೆಲ್ಲ ಮಸುಕು. ಇಂಥ ದೋಣಿಗೆ ಭಾರದ ಲೆನ್ಸ್ ಸುಮ್ನೆ ಹೊರೆ, ಎಂಟು ಪಟ್ಟು ಹಿಗ್ಗಿಸಿ ತೋರಿಸುವ (8x) ಬೈನಾಕ್ಯುಲರ್ ವಾಸಿ.

ಬಾಕಿ ಎರಡು: ಬ್ರೂನಿಕ್ ಮತ್ತು ಲಿಟಲ್ ಆಕ್. ಎರಡಕ್ಕೂ ನಾರ್ವೆಯ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳು ಒಳ್ಳೆಯ ಜಾಗ. ಲಿಟಲ್ ಆಕ್ ಅಂತೂ ಅಲ್ಲಿನ ಲಾಂಗ್‌ಯಿಯರ್‌ಬೀನ್ ಊರಿನ ಹತ್ತಿರದ ಬೆಟ್ಟದ ಕಲ್ಲುರಾಶಿಯಲ್ಲೇ ಗೂಡು ಮಾಡುತ್ತದೆ. ಆಗಸ್ಟ್ ಮುಗಿಯುವಷ್ಟರಲ್ಲಿ ಅವು ಕಡಲಿಗೆ ಹೊರಟಿರುತ್ತವೆ. ಹಾಗಾಗಿ ಜೂನ್ ಟಿಕೆಟ್ ರೇಟು ನೋಡುತ್ತಿದ್ದೇನೆ.