ಗೋಡೆ ಮೇಷ್ಟ್ರು

ಕಾಲೇಜು ಮ್ಯಾಗಝೀನಿಗೆ ಹಳೇ ವಿದ್ಯಾರ್ಥಿಗಳು ಏನಾದ್ರೂ ಬರೀರಿ ಅಂತ ಗ್ರೂಪಲ್ಲಿ ಮೆಸೇಜ್ ಬಂದಾಗಿಂದ ಎಲ್ರೂ ಹಾಸ್ಟೆಲ್ಲು ಕ್ಯಾಂಟೀನು ಅಂತ ಶುರು ಹಚ್ಕೊಂಡಿದಾರೆ, ಅದನ್ನ ಅವರೇ ಬರೀಲಿ ಬಿಡಿ. ನಾನು ಬರೀಬೇಕು ಅಂದ್ರೆ ನಮಗೆ ಮ್ಯೂರಲ್, ಅಂದ್ರೆ ಗೋಡೆ ಚಿತ್ರ, ಕಲಿಸಿದ ಸರ್ ಬಗ್ಗೇನೇ. ಹೆಸರು ಹಾಕಬೇಡ ಅಂತ ಅವರೇ ಹೇಳಿದಾರೆ, ಹಾಕಲ್ಲ. ನಮ್ಮ ಬ್ಯಾಚಿನೋರಿಗೆ ಗೋಡೆ ಮೇಷ್ಟ್ರು ಅಂದ್ರೆ ಸಾಕು.

ಅವರ ಪೇಪರ್ ತಗೊಂಡೋರಿಗೆ ಮೊದಲು ಸಿಗ್ತಿದ್ದಿದ್ದು ಬ್ರಷ್ ಅಲ್ಲ, ಒಂದು ನೋಟ್‌ಬುಕ್ಕು. ಹೋಗಿ ಬೀದೀಲಿ ಕೂತ್ಕೊಳ್ಳಿ ಅನ್ನೋರು. ಏನ್ ಬರ್ಕೊಬೇಕು ಸರ್ ಅಂದ್ರೆ ಯಾರು ಎಷ್ಟೊತ್ತಿಗೆ ಹಾದು ಹೋಗ್ತಾರೆ, ಎಲ್ಲಿ ನಿಂತು ಮಾತಾಡ್ತಾರೆ, ಬಿಸಿಲು ಗೋಡೆ ಮೇಲೆ ಯಾವಾಗ ಬೀಳುತ್ತೆ, ಅಷ್ಟೇ. ಪೇಂಟಿಂಗ್ ಬ್ಯಾಚಿನೋರು ಸ್ಟುಡಿಯೋದಲ್ಲಿ ಫ್ಯಾನ್ ಕೆಳಗೆ ಈಸಲ್ ಮುಂದೆ ನಿಂತಿರೋವಾಗ ನಾವು ಮಫ್ತೀಲಿರೋ ಪೊಲೀಸರ ಥರ ಬೀದಿ ಬೀದೀಲಿ ಕೂತು ಜನರನ್ನ ನೋಡ್ತಿದ್ವಿ. ಇದೇನ್ ಕ್ಲಾಸ್ ಗುರೂ ಅಂತ ಬೈಕೊಂಡಿದ್ದೂ ಉಂಟು.

ಕಾಲೇಜಿಂದ ಸ್ವಲ್ಪ ದೂರದಲ್ಲಿ ಒಂದು ಹಳೇ ಪಂಪ್ ಹೌಸ್ ಇತ್ತಲ್ಲ, ಅದರ ಉದ್ದ ಗೋಡೆ ನಮ್ಮ ಪಾಲಿಗೆ ಬಂತು. ನೋಡೋಕೆ ಒಳ್ಳೇ ಗೋಡೆ, ನಾವೆಲ್ಲ ಆಗಲೇ ಮನಸ್ಸಲ್ಲಿ ಬಣ್ಣ ಹಚ್ಚಿಬಿಟ್ಟಿದ್ವಿ. ಎದುರು ಮನೆ ಅಜ್ಜಿ ಕೂತಲ್ಲಿಂದಲೇ "ಆ ಮೂಲೆ ಬಿಟ್ಬಿಡ್ರಪ್ಪಾ, ಮಳೆಗಾಲದಲ್ಲಿ ಅಲ್ಲಿ ಒಳಗಿಂದ ನೀರು ಕುಡಿಯುತ್ತೆ" ಅಂದ್ರು. ಹೋಗಿ ಮುಟ್ಟಿದ್ರೆ ಒಣಗಿತ್ತು. ಆದ್ರೆ ಸರ್ ಉಗುರಲ್ಲಿ ಕೆರೆದಾಗ ಹಳೇ ಸುಣ್ಣದ ಕೆಳಗಿಂದ ಬಿಳಿ ಪುಡಿ ಉದುರ್ತು, ಉಪ್ಪು. ಗೋಡೆಯೊಳಗೆ ತೇವ ಇದ್ರೆ ಅದು ಇಟ್ಟಿಗೆ, ಸಿಮೆಂಟಲ್ಲಿರೋ ಉಪ್ಪನ್ನ ಕರಗಿಸ್ಕೊಂಡು ಹೊರಗೆ ಬರುತ್ತೆ, ನೀರು ಆರಿ ಹೋಗುತ್ತೆ, ಉಪ್ಪು ಪೇಂಟಿನ ಕೆಳಗೇ ಉಳ್ಕೊಂಡು ಅದನ್ನ ಎಬ್ಬಿಸಿಬಿಡುತ್ತೆ, ಬಣ್ಣಕ್ಕೆ ಮುಂಚೆ ಎಷ್ಟು ಒಳ್ಳೇ ಪ್ರೈಮರ್ ಕೋಟ್ ಹೊಡೆದ್ರೂ ಅಷ್ಟೇ. ಮೊದಲು ನೀರು ನಿಲ್ಲಿಸಬೇಕು, ಆಮೇಲೆ ಹೊಸ ಗಾರೆ, ಅದಾದ್ಮೇಲೆ 28 ದಿನ ಆದ್ರೂ ಬಿಡಬೇಕು. ಪುಸ್ತಕದಲ್ಲಿ ಇದೆಲ್ಲ ಇದೆ. ಯಾವ ಮೂಲೆ ಅಂತ ಪುಸ್ತಕದಲ್ಲಿ ಇರಲ್ಲ, ಅಜ್ಜಿಗೆ ಗೊತ್ತಿತ್ತು.

ಹುಡುಗ್ರು ಆ ಗೋಡೆಗೆ ಬಾಲ್ ಹೊಡೆದು ಆಡ್ತಿದ್ರು. ಬರೆಯೋವರೆಗೂ ಆಟ ಬಂದ್ ಮಾಡ್ಸೋಣ್ವಾ ಸರ್ ಅಂತ ನಮ್ಮಲ್ಲೊಬ್ಬ ಕೇಳಿದ. ಸರ್ ಗೋಡೆ ಹತ್ರ ಹೋಗಿ ಬಾಲಿನ ಗುರುತು ಎಲ್ಲೀವರೆಗೂ ಇದೆ ಅಂತ ಚಾಕ್ ದಾರ ಹಿಡಿದು ಒಂದು ಗೆರೆ ಹೊಡೆದ್ರು. ಅದರ ಕೆಳಗೆ ಗಾಢ ಬಣ್ಣ, ದೊಡ್ಡ ದೊಡ್ಡ ಆಕಾರ, ಮುಖ ಕೈ ಯಾವುದೂ ಬರಬಾರದು, ಕೊಳೆ ಆದ್ರೂ ಕಾಣಬಾರದು, ಕಂಡ್ರೂ ಯಾರು ಬೇಕಾದ್ರೂ ಒಂದು ಕೈ ಬಳಿದು ಸರಿ ಮಾಡೋ ಹಾಗಿರಬೇಕು. ಇವತ್ತಿಗೂ ನಾನು ಯಾವ ಗೋಡೆ ಮುಂದೆ ನಿಂತ್ರೂ ಮೊದಲು ಆ ಗೆರೆ ಎಲ್ಲಿ ಬರುತ್ತೆ ಅಂತಲೇ ನೋಡೋದು.

ಇನ್ನು ಏನು ಬರೆಯೋದು ಅನ್ನೋದು. ನಿಜವಾದ ಗಲಾಟೆ ಇದ್ದಿದ್ದೇ ಇಲ್ಲಿ. ಬೀದಿಯವರನ್ನ ಕೇಳಿದ್ರೆ ಒಬ್ಬರಿಗೆ ತೀರಿಕೊಂಡ ಯಜಮಾನ್ರ ಮುಖ ಬೇಕು, ಮಕ್ಕಳಿಗೆ ಕಾರ್ಟೂನು, ಲೀಡರ್ ಒಬ್ಬರು ಬಂದು ನಮ್ಮದೂ ಒಂದು ಫೋಟೋ ಇರ್ಲಿ ಅಂತ ನಗ್ತಾ ಹೇಳಿದ್ರು, ತಮಾಷೆಗಲ್ಲ ಅಂತ ಎಲ್ರಿಗೂ ಗೊತ್ತಾಯ್ತು. ಅವತ್ತು ಸಂಜೆ ಸರ್ ನಮ್ಮನ್ನ ಕೂರಿಸ್ಕೊಂಡು ಷಿಕಾಗೋದ ಒಂದು ಗೋಡೆ ಕತೆ ಹೇಳಿದ್ರು. ವಾಲ್ ಆಫ್ ರೆಸ್ಪೆಕ್ಟ್ ಅಂತ, 1967ರದ್ದು. ವಿಲಿಯಂ ವಾಕರ್ ಮತ್ತೆ ಅವರ ಜೊತೆಯ ಕಲಾವಿದರು ಕಪ್ಪು ಜನರ ಏರಿಯಾದಲ್ಲಿ ಒಂದು ಹಳೇ ಬಿಲ್ಡಿಂಗ್ ಗೋಡೆ ತುಂಬಾ ಅವರ ಹೀರೋಗಳನ್ನ ಬರೆದಿದ್ರು, ಸಂಗೀತಗಾರರು, ಬರಹಗಾರರು, ಆಟಗಾರರು, ಮಹಮ್ಮದ್ ಅಲಿ, ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್. ಮಾರ್ಟಿನ್ ಲೂಥರ್ ಕಿಂಗ್ ಇಲ್ಲ! ಬೇಕಂತಲೇ ಬಿಟ್ಟಿದ್ದು. ಅಷ್ಟೇ ಅಲ್ಲ, ಒಬ್ಬ ಕಲಾವಿದರು ಬರೆದಿದ್ದ ಭಾಗದ ಮೇಲೆ ಬಿಳಿ ಬಳಿದು ಇನ್ನೊಬ್ಬರು ಬೇರೆ ಬರೆದ್ರು, ಆ ಗುಂಪಲ್ಲೇ ಜಗಳ ಆಯ್ತು. ಆದ್ರೂ ಅಲ್ಲಿಯ ಜನ ಆ ಗೋಡೇನ ತಮ್ಮದು ಅಂತ ಕಾದ್ರು, ಅದರ ಮುಂದೆ ಕವಿತೆ ಓದಿದ್ರು, ಮೀಟಿಂಗ್ ಮಾಡಿದ್ರು, 1971ರಲ್ಲಿ ಬಿಲ್ಡಿಂಗಿಗೆ ಬೆಂಕಿ ಬಿದ್ದು ಆಮೇಲೆ ಕೆಡವೋವರೆಗೂ. ಎಲ್ರಿಗೂ ಇಷ್ಟ ಆಗೋ ಚಿತ್ರ ಬೇಕು ಅಂದ್ರೆ ಹೂವು ಚಿಟ್ಟೆ ಬರ್ದು ಮನೆಗೆ ಹೋಗಿ ಅಂದ್ರು ಸರ್.

ನಾವು ಯಾರ ಮುಖಾನೂ ಬರೀಲಿಲ್ಲ, ಕೈಗಳನ್ನ ಬರೆದ್ವಿ. ಆ ಬೀದಿಯವರು ದಿನಾ ಮಾಡೋ ಕೆಲಸದ ಕೈಗಳು, ಹೊಲಿಯೋದು, ಬಟ್ಟೆ ಹಿಂಡೋದು, ಸ್ಲೇಟು ಒರೆಸೋದು. ಪಂಪ್ ಹೌಸಲ್ಲಿ ಕೆಲಸ ಮಾಡಿ ರಿಟೈರ್ ಆದ ಒಬ್ಬರು ದಿನಾ ಬಂದು ಸಾರುವೆ ಕೆಳಗೆ ಕೈ ಕಟ್ಟಿ ನಿಲ್ಲೋರು, ಒಂದು ಮಾತಿಲ್ಲ. ವಾಲ್ವ್ ತಿರುಗಿಸೋ ಕೈ ಸ್ಕೆಚ್ ಹಾಕೋ ದಿನ ಮನೇಗೆ ಹೋಗಿ ನಿಜವಾದ ಪಾನಾ ತಂದು, ಬಲಗೈ ಹಿಡಿಕೇಲಿ, ಎಡಗೈ ವಾಲ್ವ್ ತಲೆ ಮೇಲೆ ಒತ್ತಿ, ಹೆಬ್ಬೆರಳು ಮಾತ್ರ ಹೊರಗೆ ಇಟ್ಕೊಂಡು ನಿಂತ್ರು. ಹೆಬ್ಬೆರಳು ಒಳಗಿದ್ರೆ ಪಾನಾ ಜಾರಿದಾಗ ಚಚ್ಚಿ ಹೋಗುತ್ತಂತೆ. ನಮ್ಮ ಕ್ಲಾಸಿನ ಹುಡುಗಿ ಅವರು ನಿಂತ ಹಾಗೇ ಬರೆದಳು. ಅಲ್ಲಿಂದ ಮುಂದೆ ನೋಡ್ಬೇಕಿತ್ತು, ಬಂದೋರಿಗೆಲ್ಲ ಆ ಹೆಬ್ಬೆರಳು ತೋರಿಸಿ ಎಕ್ಸ್‌ಪ್ಲೇನ್ ಮಾಡೋದೇ ಅವರ ಡ್ಯೂಟಿ, ನಮಗಿಂತ ಚೆನ್ನಾಗಿ ಹೇಳೋರು ಬೇರೆ.

ಸಾರುವೆ ಹತ್ತೋಕಾಗದೋರು ಏನ್ಮಾಡಬೇಕು ಅನ್ನೋದಕ್ಕೂ ಸರ್ ಹತ್ರ ಉಪಾಯ ಇತ್ತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗೋಡೆ ಗೀಚೋ ಹುಡುಗರನ್ನ ಸರಿ ದಾರಿಗೆ ತರೋಕೆ ಅಂತ ಶುರುವಾದ ಕೆಲಸ, ಜೇನ್ ಗೋಲ್ಡನ್ ಅಂತ ಕಲಾವಿದೆ ನಡೆಸಿದ್ದು, ಈಗ ಆ ಊರಲ್ಲಿ ಸಾವಿರಾರು ಮ್ಯೂರಲ್ ಇದಾವೆ. ಅವರು ತೆಳು ಬಟ್ಟೆ ಮೇಲೆ ಗೆರೆ ಎಳೆದು ಪ್ರತಿ ಜಾಗಕ್ಕೂ ಬಣ್ಣದ ನಂಬರ್ ಹಾಕಿ ಕೊಡ್ತಾರೆ, ಶಾಲೆಯಲ್ಲಿ ಜೈಲಲ್ಲಿ ಎಲ್ಲಿ ಬೇಕಾದ್ರೂ ಕೂತು ತುಂಬಬಹುದು, ಆಮೇಲೆ ಆ ಬಟ್ಟೇನ ಅಕ್ರಿಲಿಕ್ ಜೆಲ್ ಹಚ್ಚಿ ಗೋಡೆಗೆ ಅಂಟಿಸ್ತಾರೆ. ನಾವೂ ಒಂದು ತುಂಡು ಹಾಗೆ ಮಾಡಿದ್ವಿ. ಬೀದಿ ಹೆಂಗಸರು ಮನೆ ಜಗಲೀಲಿ ಕೂತು ನಂಬರ್ ನೋಡ್ಕೊಂಡು ಬಣ್ಣ ಹಚ್ತಾ, ನಾಲ್ಕನೇ ನಂಬರ್ ನೀಲಿ ನಮಗೆ ಇಷ್ಟ ಇಲ್ಲ ಅಂತ ಹೇಳಿ ತಾವೇ ಒಂದು ಹನಿ ಹಸಿರು ಬೆರೆಸಿದ್ರು. ಸರ್ ನೋಡಿದ್ರು, ಏನೂ ಅನ್ಲಿಲ್ಲ. ಈಗ ನೋಡಿದ್ರೆ ಆ ಬಣ್ಣಾನೇ ಚೆನ್ನಾಗಿದೆ.

ಇಷ್ಟೆಲ್ಲ ಹೇಳಿ ಸರ್ ಹೇಳಿದ್ದೆಲ್ಲ ನಾನು ಒಪ್ತೀನಿ ಅಂತ ಅಲ್ಲ. ಗೋಡೆ ಹೋದ್ರೆ ಹೋಗ್ಲಿ, ಅದೇನು ಶಾಶ್ವತಾನಾ ಅನ್ನೋರು ಅವರು. ನನಗೆ ಅದು ಸುಮ್ನೆ ಬಿಟ್ಟುಕೊಡೋ ಮಾತು ಅನ್ಸುತ್ತೆ. ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಮ್ಯೂರಲ್ ದೆಹಲಿಯ ವಿಜ್ಞಾನ ಭವನದಲ್ಲಿತ್ತು, 1979ರಲ್ಲಿ ಸರ್ಕಾರದೋರು ಕಿತ್ತು ಗೋಡೌನಿಗೆ ಹಾಕಿದ್ರು, ಸೆಹಗಲ್ ಕೋರ್ಟಿಗೆ ಹೋದ್ರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದಿದ್ದನ್ನ ವಾಪಸ್ ಕೊಡಿ, 5 ಲಕ್ಷ ಪರಿಹಾರ ಕೊಡಿ ಅಂತು. ಕಾಪಿರೈಟ್ ಕಾಯ್ದೆ 57ನೇ ಸೆಕ್ಷನ್, ಮಾರಿದ ಮೇಲೂ ಕೃತಿ ಹಾಳು ಮಾಡಿದ್ರೆ ಕಲಾವಿದರು ಕೇಳಬಹುದು ಅನ್ನೋದು, ನಿಮ್ಮ ಸಿಲಬಸಲ್ಲಿ ಇಲ್ಲದಿದ್ರೆ ಹಾಕಿಸ್ಕೊಳ್ಳಿ. ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಅನ್ನೋ ಜಾಗದಲ್ಲಿ ಕಲಾವಿದರು ಗೋಡೆ ಮೇಲೆ ಬರೆದಿದ್ದ ಚಿತ್ರಗಳಿಗೆ 2013ರಲ್ಲಿ ಓನರ್ ರಾತ್ರೋರಾತ್ರಿ ಬಿಳಿ ಬಳಿಸಿಬಿಟ್ಟ, 2018ರಲ್ಲಿ ಕೋರ್ಟು ಕಲಾವಿದರಿಗೆ 67.5 ಲಕ್ಷ ಡಾಲರ್ ಕೊಡು ಅಂತ ಹೇಳ್ತು. ಇದನ್ನ ಸರ್‌ಗೆ ಹೇಳಿದ್ರೆ "ಕಲಾವಿದರಿಗೆ ಸಿಕ್ತು, ಸರಿ, ಆ ಏರಿಯಾದೋರಿಗೆ ಏನ್ ಸಿಕ್ತು?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗಲೂ ವಾದ ನಡೀತಾನೇ ಇದೆ ಫೋನಲ್ಲಿ.

ಈಗ ನಾನೂ ಗೋಡೆ ಬರ್ದೇ ಜೀವನ ಮಾಡೋದು. ಫೆಸ್ಟಿವಲ್ಲಿಗೆ ಅಂತ ಫ್ಲೈಟಲ್ಲಿ ಬಂದು ಐದು ಮಹಡಿ ಎತ್ತರದ ಮುಖ ಬರ್ದು ವಾರದಲ್ಲಿ ಹೊರಟು ಹೋಗೋರನ್ನ ನೋಡ್ತೀನಿ, ಕೈಚಳಕಕ್ಕೆ ಸಲಾಂ, ನನ್ನ ಕೈಲಂತೂ ಅಷ್ಟು ಸ್ಪೀಡು ಆಗಲ್ಲ. ಆದ್ರೆ ಆ ಬೀದೀಲಿ ಫೋಟೋ ತೆಗೆಸ್ಕೊಳ್ಳೋರು ಜಾಸ್ತಿ ಆಗಿ ಬಾಡಿಗೆ ಏರಿ ಅಲ್ಲಿದ್ದೋರೇ ಖಾಲಿ ಮಾಡೋ ಹಾಗಾದ್ರೆ ಆ ಮುಖ ಯಾರನ್ನ ನೋಡ್ತಾ ಕೂತಿರುತ್ತೆ ಅಂತ ಅನ್ಸುತ್ತೆ. ಗೋಡೆ ಚೆನ್ನಾಗಾಯ್ತು ಅಂತಲೇ ಬಾಡಿಗೆ ಏರಲ್ಲ, ಬೇರೆ ಕಾರಣನೂ ಇರ್ತವೆ, ಆದ್ರೂ ಬಿಲ್ಡರ್ ಬ್ರೋಶರಲ್ಲಿ ನಮ್ಮ ಚಿತ್ರ ಕಂಡಾಗ ಹೊಟ್ಟೆ ಒಂಥರಾ ಆಗುತ್ತೆ.

ಕಾಲೇಜು ಕಾಂಪೌಂಡ್ ಗೋಡೆ ಬರೀತಿದೀರ ಅಂತ ಕೇಳ್ದೆ. ಹಿಂದಿನ ಗೇಟ್ ಪಕ್ಕದ ಭಾಗ ಡ್ರೈನೇಜಿಗೆ ತಾಗಿದೆ, ಪ್ರೈಮರ್ ಹೊಡೆಯೋ ಮೊದಲು ರಾತ್ರಿ ಪಾಳಿ ವಾಚ್‌ಮನ್ನ ಒಂದು ಮಾತು ಕೇಳಿ. ಡಿಸೈನ್ ಫೈನಲ್ ಮಾಡೋ ಮುಂಚೆ ಗೇಟಾಚೆ ಮನೆಯವರನ್ನೂ ಕರೀರಿ, ಆ ಗೋಡೇನ ದಿನಾ ಬೆಳಗ್ಗೆ ನೋಡೋರು ಅವರೇ, ನೀವಲ್ಲ. ಸಾರುವೆ ಕಟ್ಟೋ ದಿನ ತಿಳಿಸಿ, ನಾನೂ ಬರ್ತೀನಿ, ಸರ್‌ನ ಕರ್ಕೊಂಡು ಬರೋ ಜವಾಬ್ದಾರಿ ನನ್ನದು.