ಹತ್ತು ಜನ ಸೇರಿದರೆ ಸಂಘ

ಚೀನಾದ ಕ್ರಾಂತಿಕಾರಿ ಸನ್ ಯಾತ್-ಸೆನ್ ನೆನಪಿನ ಮ್ಯೂಸಿಯಂಗೆ ಸೋಮವಾರ ರಜಾ ಅಂತ ನೋಡದೇ ಹೋದದ್ದು ನನ್ನದೇ ತಪ್ಪು. ಟೋ ಪಾಯೊ ಸ್ಟೇಷನ್ನಿನಲ್ಲಿ ಇಳಿದು, ಸಿಂಗಾಪುರದ ಆ ಸೆಕೆಯಲ್ಲಿ ಟಾಯ್ ಜಿನ್ ರಸ್ತೆ ಹುಡುಕಿಕೊಂಡು ಹೋದರೆ ಗೇಟಿಗೆ ಬೀಗ. ಪಕ್ಕದ ಬರ್ಮಾ ಬೌದ್ಧ ಗುಡಿಯಲ್ಲಿ ದೊಡ್ಡ ಅಮೃತಶಿಲೆ ಬುದ್ಧನ ಮುಂದೆ ಸ್ವಲ್ಪ ಹೊತ್ತು ತಣ್ಣಗೆ ಕೂತು ವಾಪಸ್ ಬಂದೆ. “ಹೊರಡೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಅಂತ ಭಾವ ನಕ್ಕರು. ಮಾರನೇ ದಿನ ಅವರೂ ಜೊತೆಗೆ ಬಂದರು.

ಎರಡಂತಸ್ತಿನ ಹಳೇ ಬಂಗಲೆ. ಹೆಸರು ವಾನ್ ಚಿಂಗ್ ಯುವಾನ್. ತಿಯೋ ಎಂಗ್ ಹಾಕ್ ಎಂಬ ವ್ಯಾಪಾರಿ, ತಾಯಿ ಇಳಿವಯಸ್ಸಿನಲ್ಲಿ ನೆಮ್ಮದಿಯಾಗಿರಲಿ ಅಂತ 1905ರಲ್ಲಿ ಕೊಂಡ ಮನೆ. ಹೆಸರಿನ ಅರ್ಥವೂ ಹೆಚ್ಚುಕಮ್ಮಿ ಅದೇ. ಮರುವರ್ಷವೇ ಇಲ್ಲಿ ಸನ್ ಯಾತ್-ಸೆನ್ ಬಂದು ತಂಗಿದರು, ಚೀನಾದ ಚಕ್ರವರ್ತಿಯನ್ನು ಇಳಿಸಲು ಹೊರಟ ತುಂಗ್‌ಮೆಂಗ್‌ಹುಯಿ ಸಂಘಟನೆಯ ಶಾಖೆ ಶುರುವಾಯಿತು. ತಾಯಿಗೆ ಅಂತ ಕೊಂಡ ಮನೆಯಲ್ಲಿ ದಂಗೆಯ ಲೆಕ್ಕಾಚಾರ! ನೀಲಿ ಬಟ್ಟೆಯ ಮೇಲೆ ಬಿಳಿ ಸೂರ್ಯನ ಬಾವುಟವನ್ನು ಮನೆಯೊಡೆಯನ ಹೆಂಡತಿ ಇಲ್ಲೇ ಕೂತು ಹೊಲಿದರಂತೆ. ಮುಂದೆ ಸನ್‌ರ ಕ್ವೋಮಿನ್ತಾಂಗ್ ಪಕ್ಷದ ಗುರುತಾದದ್ದು ಅದೇ ಸೂರ್ಯ.

ಇಷ್ಟೆಲ್ಲ ನಡೆಯುವಾಗ, ಆಗ ಇಲ್ಲಿ ಆಳುತ್ತಿದ್ದ ಬ್ರಿಟಿಷರು ಸುಮ್ನೆ ಇದ್ದರಾ? ಇರಲಿಲ್ಲ. 1910ರಲ್ಲಿ ಪೆನಾಂಗ್‌ನಲ್ಲಿ ದೇಣಿಗೆ ಎತ್ತಲು ಭಾಷಣ ಮಾಡಿದ ಸನ್‌ರನ್ನು ಅಲ್ಲಿಂದ ಹೊರಡಿಸಿದರು. ಆದರೂ ಆಗ ಅವರು ಒಬ್ಬ ಬಂಡಾಯಗಾರ, ಅಷ್ಟೇ. 1911ರ ಕ್ರಾಂತಿ ಆದ ಮೇಲೆ ಕಥೆಯೇ ಬೇರೆ. 1912ರ ಕೊನೆಗೆ ಕ್ವೋಮಿನ್ತಾಂಗ್ ಶಾಖೆ ಸಿಂಗಾಪುರದಲ್ಲಿ ಅಧಿಕೃತವಾಗಿ ನೋಂದಣಿಯಾಯಿತು. 1914ರಲ್ಲಿ ಮುಚ್ಚಿತು. ಗುಟ್ಟಾಗಿ ಮತ್ತೆ ಬೆಳೆಯಿತು. 1925ರಲ್ಲಿ ಗವರ್ನರ್ ಗಿಲ್ಮಾರ್ಡ್ ಶಾಖೆಗಳನ್ನೇ ನಿಷೇಧಿಸಿದರು.

ಸಂಜೆ ಭಾವ ನನ್ನನ್ನು ಚೈನಾಟೌನ್ ಕಡೆಗೆ ಕರೆದುಕೊಂಡು ಹೋದರು. ಸೌತ್ ಬ್ರಿಡ್ಜ್ ರಸ್ತೆಯಲ್ಲಿ ಮಾರಿಯಮ್ಮನ ಗೋಪುರ ದಾಟಿ ಮುಂದೆ ನಡೆದರೆ ಕ್ರೇಟಾ ಆಯರ್. ಮಲಯ್ ಭಾಷೆಯಲ್ಲಿ ನೀರಿನ ಗಾಡಿ ಅಂತ. ನಲ್ಲಿ ಬರುವ ಮುಂಚೆ ಎತ್ತಿನ ಗಾಡಿಯಲ್ಲಿ ನೀರು ತರುತ್ತಿದ್ದ ಜಾಗ. ಈಗ ಕೆಂಪು ಲಾಟೀನು, ಫ್ರಿಜ್ ಮ್ಯಾಗ್ನೆಟ್ಟು, ಸೆಲ್ಫಿ ತೆಗೆಯುವವರ ಜಾತ್ರೆ. 1927ರ ಮಾರ್ಚ್ 12, ಸನ್ ತೀರಿಕೊಂಡು ಎರಡು ವರ್ಷ ತುಂಬಿದ ದಿನ, ಸ್ಮರಣೆ ಸಭೆ ಮುಗಿಸಿ ಮೆರವಣಿಗೆ ಹೊರಟವರು ಬಂದದ್ದು ಇಲ್ಲಿಗೆ. ಚೀನಾದ ಹೈನಾನ್ ದ್ವೀಪದ ಕಡೆಯವರೇ ಜಾಸ್ತಿ, ರಾತ್ರಿಶಾಲೆಯ ಹುಡುಗರೂ ಇದ್ದರು. ಕರೆಂಟಿನಲ್ಲಿ ಓಡುವ ಟ್ರಾಲಿ ಬಸ್ಸಿನ ಹತ್ತಿರ ಗಲಾಟೆಯಾಯಿತು, ಪೊಲೀಸ್ ಠಾಣೆಯ ಮುಂದೆ ಗುಂಡು ಹಾರಿತು. ಆರು ಜನ ಸತ್ತರು. ಆಮೇಲೆ ಚೀನೀಯರು ಆ ಬಸ್ಸುಗಳನ್ನೇ ಬಹಿಷ್ಕರಿಸಿದರು. ಹುಡುಕಿದೆ, ಆ ದಿನದ ಗುರುತು ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

1930ರ ಫೆಬ್ರವರಿಯಲ್ಲಿ ಬಂದ ಗವರ್ನರ್ ಸರ್ ಸೆಸಿಲ್ ಕ್ಲೆಮೆಂಟಿ ಬಗ್ಗೆ ಓದಿದಾಗ ನನಗೆ ತಮಾಷೆಯೂ ಅನಿಸಿತು, ಸ್ವಲ್ಪ ಸಿಟ್ಟೂ ಬಂತು. ಈ ಮನುಷ್ಯನಿಗೆ ಕ್ಯಾಂಟನೀಸ್ ಚೆನ್ನಾಗಿ ಬರುತ್ತಿತ್ತು, ಆ ಭಾಷೆಯ ಪ್ರೇಮಗೀತೆಗಳನ್ನು ಇಂಗ್ಲಿಷಿಗೆ ಅನುವಾದಿಸಿದವರು. ಬಂದ ತಿಂಗಳಲ್ಲೇ ಪಕ್ಷದ ಮುಖಂಡರನ್ನು ಕರೆಸಿ ‘ನಿಮ್ಮ ಪಕ್ಷ ಇಲ್ಲಿ ಕಾನೂನುಬಾಹಿರ’ ಅಂತ ಹೇಳಿಬಿಟ್ಟರು. ಪ್ರೇಮಗೀತೆ ಬೇರೆ, ಚಂದಾ ಪುಸ್ತಕ ಬೇರೆ!

ಭಯಕ್ಕೆ ಕಾರಣ ಇತ್ತು ಅನ್ನಿ. ಚೀನಾದ 1909ರ ಕಾಯ್ದೆ ಪ್ರಕಾರ ಅಪ್ಪ ಚೀನೀಯನಾದರೆ ಮಗನೂ ಚೀನಾದ ಪ್ರಜೆ, ಎಲ್ಲೇ ಹುಟ್ಟಲಿ. ಇತ್ತ ಸಿಂಗಾಪುರದಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ಊರಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಚೀನೀಯರೇ. ಅವರೆಲ್ಲ ಚೀನಾದ ನ್ಯಾಂಕಿಂಗ್ ಸರ್ಕಾರದ ಪಕ್ಷಕ್ಕೆ ಚಂದಾ ಕಟ್ಟತೊಡಗಿದರೆ ಗವರ್ನರ್ ಸಾಹೇಬರ ಮಾತು ಯಾರು ಕೇಳಬೇಕು?

ಆದರೆ ಚೀನಾದಲ್ಲಿ ಆಳುತ್ತಿದ್ದದ್ದೂ ಅದೇ ಪಕ್ಷ. ಲಂಡನ್‌ಗೆ ಇದು ಮುಜುಗರ. ಕೊನೆಗೆ 1931ರಲ್ಲಿ ರಾಜಿಯಾಯಿತು: ಒಬ್ಬೊಬ್ಬರಾಗಿ ಪಕ್ಷದ ಸದಸ್ಯರಾಗಿರಬಹುದು, ಸಿಂಗಾಪುರವೂ ಸೇರಿದ ಮಲಯಾದಲ್ಲಿ ಶಾಖೆ ಮಾತ್ರ ಇರಕೂಡದು. ಮದುವೆಯಾಗಬಹುದು, ಸಂಸಾರ ಮಾಡಬಾರದು ಅಂದ ಹಾಗೆ, ಅಲ್ವಾ?

ಇದಕ್ಕೆಲ್ಲ ಬಳಸಿದ್ದು ಚೀನೀ ಗುಪ್ತ ಸಂಘಗಳನ್ನು ಮಟ್ಟ ಹಾಕಲು 1889ರಲ್ಲಿ ತಂದ ಸಂಘಗಳ ಕಾಯ್ದೆ. ಹತ್ತು ಅಥವಾ ಜಾಸ್ತಿ ಜನ ಸೇರಿದರೆ ಅದು ಸಂಘ, ನೋಂದಣಿ ಆಗಲೇಬೇಕು. ಮಾತು ಕೇಳದವರಿಗೆ ಗಡೀಪಾರು ಕಾಯ್ದೆ ಇದ್ದೇ ಇತ್ತು. ಹಡಗು ಹತ್ತಿಸಿ ಚೀನಾಕ್ಕೆ ಕಳಿಸುವುದು.

ಬಾಲೆಸ್ಟಿಯರ್ ರಸ್ತೆಯಲ್ಲಿ ಭಾವ ಒಂದು ಪೊಟ್ಟಣ ತೌ ಸಾರ್ ಪಿಯಾ ಕೊಂಡಿದ್ದರು. ಬಿಸಿ ಬಿಸಿ, ಪದರ ಪದರ, ಒಳಗೆ ಹೆಸರುಬೇಳೆ ಹೂರಣ. ಒಬ್ಬಟ್ಟಿನ ದೂರದ ನೆಂಟ! ಬಾಯಿಗೆ ಇಡಬೇಕು ಅನ್ನುವಷ್ಟರಲ್ಲಿ, “ತಾಳು, ಕೆಲವದಕ್ಕೆ ಹಂದಿ ಕೊಬ್ಬು ಹಾಕಿರ್ತಾರೆ” ಅಂತ ಪೊಟ್ಟಣ ತಿರುಗಿಸಿ ಓದಿದರು. ಹಾಕಿದ್ದರು. ಅವರು ತಿಂದರು, ನಾನು ನೋಡಿದೆ.

“ಆ ಸಂಘಗಳ ಕಾಯ್ದೆ ಈಗ ಇಲ್ಲ ತಾನೆ?” ಅಂತ ಕೇಳಿದೆ.

“ಹೆಸರು ಬದಲಾಗಿದೆ ಅಷ್ಟೇ. ಈಗಲೂ ಹತ್ತು ಜನ ಅಂದ್ರೆ ಸಂಘಾನೇ. ನಮ್ಮ ಕನ್ನಡ ಸಂಘಾನೂ ರಿಜಿಸ್ಟರ್ ಆಗಿದ್ದೇ.”

ಆ ರಾತ್ರಿ ಅಕ್ಕನ ಮನೆಯಲ್ಲಿ ಊಟಕ್ಕೆ ಪಕ್ಕದ ಬ್ಲಾಕಿನ ಕನ್ನಡದವರೂ ಬಂದಿದ್ದರು. ಬಿಸಿಬೇಳೆಬಾತ್ ಬಡಿಸುವಾಗ ಸುಮ್ನೆ ಎಣಿಸಿದೆ. ಒಂಬತ್ತು ಜನ. ಅಷ್ಟರಲ್ಲಿ ಬೆಲ್ ಹೊಡೆಯಿತು.